ಪರದೆ ಮಂಕು, ಮಾತು ಅಸ್ಪಷ್ಟ: ಹೊಸ ಪ್ರೊಜೆಕ್ಟರ್‌ಗೆ ಸಾಲ ಮಾಡುವ ಮುನ್ನ

ಪ್ರಶ್ನೆ: ನಮಸ್ಕಾರ ಸರ್. ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಹಳೇ ಟಾಕೀಸೊಂದನ್ನು ಲೀಸಿಗೆ ತಗೊಂಡು ನಡೆಸ್ತಿದ್ದೀನಿ. 560 ಸೀಟು, ಬಾಲ್ಕನಿ ಇದೆ, ಮೇಲೆ ಶೀಟು. ಪರದೆ 40 ಅಡಿ ಅಗಲ. 3ಡಿ ಜೋರಾಗಿದ್ದ ಕಾಲದಲ್ಲಿ ಹಿಂದಿನವರು ಸಿಲ್ವರ್ ಸ್ಕ್ರೀನ್ ಹಾಕಿಸಿದ್ದರು, ಈಗಲೂ ಅದೇ. ಪ್ರೊಜೆಕ್ಟರ್ 2ಕೆ, 3 ಕಿಲೋವ್ಯಾಟ್ ಝೆನಾನ್ ಲ್ಯಾಂಪು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಸೌಂಡು 5.1. ಎರಡು ದೂರು ನಿಲ್ತಾನೇ ಇಲ್ಲ. ರಾತ್ರಿ ಸೀನ್ ಬಂದ್ರೆ "ಏನ್ಲಾ ಇದು, ಏನೂ ಕಾಣ್ತಿಲ್ವಲ್ಲ" ಅಂತ ಕೂಗ್ತಾರೆ. ಅದರಲ್ಲೂ ಪಕ್ಕದ ಸೀಟಿನವರ ಗಲಾಟೆ ಜಾಸ್ತಿ. ಇನ್ನೊಂದು, ಡೈಲಾಗ್ ಅರ್ಥ ಆಗಲ್ಲ, ಫೈಟು ಬಂದ್ರೆ ಕಿವಿ ಮುಚ್ಕೋತಾರೆ. ಹುಡುಗರು ಬೈಕ್ ಹತ್ತಿ ಮೈಸೂರಿನ ಮಾಲ್‌ಗಳಿಗೆ ಹೋಗ್ತಿದ್ದಾರೆ. ನಾವು ಲ್ಯಾಂಪ್ ಡಿಮ್ ಮಾಡಿ ಕರೆಂಟ್ ಬಿಲ್ ಉಳಿಸ್ತೀವಿ ಅಂತ ಊರಲ್ಲಿ ಮಾತು. ಆಪರೇಟರ್ ಕೇಳಿದ್ರೆ "ನಮಗೆ ಕಳಿಸೋ ಪ್ರಿಂಟೇ ಬಿ ಗ್ರೇಡು" ಅಂತಾನೆ. ಡೀಲರ್ 4ಕೆ ಲೇಸರ್, ಡಾಲ್ಬಿ ಅಟ್ಮಾಸ್ ಹಾಕ್ಸಿ ಅಂತ ದೊಡ್ಡ ಸಾಲದ ಲೆಕ್ಕ ಕೊಟ್ಟಿದ್ದಾರೆ. ಕೈಯಲ್ಲಿರೋದು 6 ಲಕ್ಷ. ಏನು ಮಾಡ್ಲಿ? (ಹೆಸರು, ಊರು ಬೇಡ)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಬೆರೆತಿವೆ. ಚಿತ್ರ ಯಾಕೆ ಮಂಕು, ಮಾತು ಯಾಕೆ ತಿಳಿಯುತ್ತಿಲ್ಲ ಅನ್ನುವುದು ಒಂದು. ಸಾಲ ಮಾಡಿ ಹೊಸ ಯಂತ್ರ ತಂದರೆ ಇವೆರಡೂ ಸರಿಹೋಗುತ್ತವೆಯೇ ಅನ್ನುವುದು ಇನ್ನೊಂದು. ಮೊದಲನೆಯದು ಬಗೆಹರಿಯದೆ ಎರಡನೆಯದಕ್ಕೆ ಕೈ ಹಾಕಬೇಡಿ. ನೀವು ಹೇಳಿರುವ ಲಕ್ಷಣ ನೋಡಿದರೆ ನಿಮ್ಮ ಪ್ರೊಜೆಕ್ಟರಿನಲ್ಲಿ ಬೆಳಕು ಹುಟ್ಟುತ್ತಿದೆ, ಸೀಟಿಗೆ ತಲುಪುವಷ್ಟರಲ್ಲಿ ಸೋರಿಹೋಗುತ್ತಿದೆ. ನಾಳೆ ಲೇಸರ್ ತಂದಿಟ್ಟರೂ ಅದರ ಬೆಳಕು ಪ್ರೊಜೆಕ್ಟರ್ ಕ್ಯಾಬಿನ್ನಿನ ಇದೇ ಗಾಜು ದಾಟಿ ಇದೇ ಪರದೆ ಮೇಲೆ ಬೀಳಬೇಕು.

ಊರಿನ ಮಾತನ್ನು ಮೊದಲು ಮುಗಿಸೋಣ. 3 ಕಿಲೋವ್ಯಾಟ್ ಲ್ಯಾಂಪನ್ನು 2.4ಕ್ಕೆ ಇಳಿಸಿದರೆ ತಾಸಿಗೆ ಉಳಿಯುವುದು 0.6 ಯೂನಿಟ್. ದಿನಕ್ಕೆ ನಾಲ್ಕು ಶೋ, 12 ತಾಸು ಅಂದರೂ ಸುಮಾರು 7 ಯೂನಿಟ್. ಯೂನಿಟ್ಟಿಗೆ 10 ರೂಪಾಯಿ ಹಿಡಿದರೂ ದಿನಕ್ಕೆ 70–75 ರೂಪಾಯಿ, ಒಂದು ಟಿಕೆಟ್ಟಿನ ದುಡ್ಡು. ಅದಕ್ಕಾಗಿ ಯಾರೂ ಪರದೆ ಮಂಕು ಮಾಡುವುದಿಲ್ಲ. ಆದರೆ ಊರಿನವರ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಕರೆಂಟ್ ಇಳಿಸುವುದು ಬಿಲ್ಲಿಗಾಗಿ ಅಲ್ಲ, ಲ್ಯಾಂಪು ಇನ್ನೊಂದು ತಿಂಗಳು ಬಾಳಲಿ ಅಂತ. ಇದನ್ನು ಆಪರೇಟರುಗಳು ಮಾಲೀಕರಿಗೆ ಹೇಳದೆಯೂ ಮಾಡುತ್ತಾರೆ. ನಿಮ್ಮ ಲ್ಯಾಂಪಿನ ಕರೆಂಟ್ ಎಷ್ಟರಲ್ಲಿ ನಿಂತಿದೆ, ಮೀಟರಿನಲ್ಲಿ ಎಷ್ಟು ತಾಸು ತೋರಿಸುತ್ತಿದೆ, ಇವತ್ತೇ ಕ್ಯಾಬಿನ್ನಿಗೆ ಹೋಗಿ ನಿಮ್ಮ ಕಣ್ಣಾರೆ ನೋಡಿ.

"ಬಿ ಗ್ರೇಡ್ ಪ್ರಿಂಟ್" ಅನ್ನುವುದು ರೀಲಿನ ಕಾಲದ ಮಾತು. ಆಗ ಬೆಂಗಳೂರು, ಮೈಸೂರಿನಲ್ಲಿ ತಿಂಗಳುಗಟ್ಟಲೆ ಓಡಿ ಗೀರು ಬಿದ್ದ ಪ್ರಿಂಟು ತಾಲ್ಲೂಕಿಗೆ ಬರುತ್ತಿತ್ತು. ಈಗ ಬರುವುದು ಫೈಲು, ಫೈಲು ಓಡಿದಷ್ಟೂ ಸವೆಯುವುದಿಲ್ಲ. ವ್ಯತ್ಯಾಸ ಇರುವುದು ನಿಜ: ಡಿಸಿಐ (ಹಾಲಿವುಡ್ ಸ್ಟುಡಿಯೋಗಳು ಸೇರಿ ಮಾಡಿದ ಡಿಜಿಟಲ್ ಸಿನಿಮಾ ಮಾನದಂಡ) ಮಟ್ಟದ ಪ್ರೊಜೆಕ್ಟರಿಗೆ ಬರುವ ಫೈಲು ಸೆಕೆಂಡಿಗೆ 250 ಮೆಗಾಬಿಟ್‌ವರೆಗೂ ಇರಬಹುದು. ಆ ಮಟ್ಟಕ್ಕೆ ಬಾರದ ಇ-ಸಿನಿಮಾ ಡಬ್ಬಿಗಳಿಗೆ ಬರುವುದು ಗಾತ್ರ ಇಳಿಸಲು ಅದಕ್ಕಿಂತ ಬಹಳ ಹಿಂಡಿದ ಫೈಲು. ಹಿಂಡಿದ್ದು ಜಾಸ್ತಿಯಾದರೆ ಹೊಗೆ, ಮಂಜು, ಕತ್ತಲ ಆಕಾಶದಲ್ಲಿ ಚೌಕ ಚೌಕ ಕಾಣುತ್ತದೆ, ಬಣ್ಣ ಪಟ್ಟೆ ಪಟ್ಟೆಯಾಗುತ್ತದೆ. ಇಡೀ ಚಿತ್ರ ಮಂಕಾಗುವುದಿಲ್ಲ. ನಿಮ್ಮ ದೂರು ಮಂಕಿನದು, ಹಾಗಾಗಿ ಫೈಲನ್ನು ಬಿಡಿ.

ಎಷ್ಟು ಬೆಳಕು ಬೇಕು ಅನ್ನುವುದಕ್ಕೆ ಲೆಕ್ಕ ಇದೆ. ಪರದೆಯ ನಡುವೆ 14 ಫುಟ್-ಲ್ಯಾಂಬರ್ಟ್ (ಪರದೆಯಿಂದ ಕಣ್ಣಿಗೆ ಬರುವ ಬೆಳಕಿನ ಅಳತೆ), ಅಂದರೆ 48 ನಿಟ್ಸ್, ಇದು 2ಡಿ ಚಿತ್ರಕ್ಕೆ ಜಗತ್ತಿನಾದ್ಯಂತ ಒಪ್ಪಿರುವ ಮಟ್ಟ. ಸಿನಿಮಾದ ಬಣ್ಣ ತಿದ್ದುವ ಕೋಣೆಯಲ್ಲೂ ಛಾಯಾಗ್ರಾಹಕರು ನೋಡುವುದು ಇದೇ ಬೆಳಕಿನಲ್ಲಿ. ಪರದೆ 7 ಫುಟ್-ಲ್ಯಾಂಬರ್ಟಿಗೆ ಇಳಿದರೆ ಹಗಲಿನ ಸೀನ್ ಹೇಗೋ ನಡೆದುಹೋಗುತ್ತದೆ, ಲಾಟೀನು ಬೆಳಕಲ್ಲಿ ತೆಗೆದ ಸೀನ್ ಮಾತ್ರ ಮುಳುಗುತ್ತದೆ. ನಿಮ್ಮಲ್ಲಿ ರಾತ್ರಿ ಸೀನ್ ಬಂದಾಗಲೇ ಕೂಗಾಟ ಯಾಕೆ ಅನ್ನುವುದಕ್ಕೆ ಇದೇ ಕಾರಣ. 40 ಅಡಿ ಅಗಲದ ಸ್ಕೋಪ್ (ಸಿನಿಮಾಸ್ಕೋಪ್ ಆಕಾರದ) ಚಿತ್ರದ ಎತ್ತರ 16 ಅಡಿ 9 ಇಂಚು, ವಿಸ್ತೀರ್ಣ ಸುಮಾರು 670 ಚದರಡಿ. 14ರಿಂದ ಗುಣಿಸಿದರೆ ಬಿಳಿ ಪರದೆ ಮೇಲೆ ಬೀಳಬೇಕಾದ್ದು 9,400 ಲುಮೆನ್ (ಒಟ್ಟು ಬೆಳಕಿನ ಅಳತೆ) ಹತ್ತಿರ. ಒಳ್ಳೆ ಸ್ಥಿತಿಯಲ್ಲಿರುವ 3 ಕಿಲೋವ್ಯಾಟ್ ಸಿನಿಮಾ ಪ್ರೊಜೆಕ್ಟರಿಗೆ ಇದು ಸಾಮಾನ್ಯವಾಗಿ ಭಾರವಲ್ಲ.

ಅಳೆಯಲು ದುಬಾರಿ ಸ್ಪಾಟ್ ಮೀಟರ್ ಬೇಕಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾಧಾರಣ ಲಕ್ಸ್ ಮೀಟರ್ ಸಾಕು, ಒಂದು ಜಾಗಕ್ಕೆ ಎಷ್ಟು ಬೆಳಕು ಬೀಳುತ್ತಿದೆ ಅಂತ ಅದು ತೋರಿಸುತ್ತದೆ. ಮೊಬೈಲ್ ಆ್ಯಪ್ ಬೇಡ, ಫೋನಿಂದ ಫೋನಿಗೆ ಒಂದಕ್ಕೆರಡು ವ್ಯತ್ಯಾಸ ಬರುತ್ತದೆ. ಹಾಲ್ ಪೂರ್ತಿ ಕತ್ತಲು ಮಾಡಿ, ಲ್ಯಾಂಪು ಹತ್ತಿ 20 ನಿಮಿಷ ಆದಮೇಲೆ ಪ್ರೊಜೆಕ್ಟರಿನ ಒಳಗೇ ಇರುವ ಪೂರ್ತಿ ಬಿಳಿ ಟೆಸ್ಟ್ ಪ್ಯಾಟರ್ನ್ ಬಿಡಿ. ಏಣಿ ಹತ್ತಿ, ಪರದೆಯ ನಡುವೆ, ಪರದೆಗೆ ತಾಗದಂತೆ ಮೀಟರನ್ನು ಪ್ರೊಜೆಕ್ಟರಿನ ಕಡೆ ಮುಖ ಮಾಡಿ ಹಿಡಿಯಿರಿ. 150 ಲಕ್ಸ್ ಬಂದರೆ ಸಾಮಾನ್ಯ ಬಿಳಿ ಪರದೆಗೆ 14 ಫುಟ್-ಲ್ಯಾಂಬರ್ಟ್ ಬಂದ ಹಾಗೆ. ನಾಲ್ಕು ಮೂಲೆಯಲ್ಲೂ ಅಳೆಯಿರಿ, ನಡುವಿನ ಮುಕ್ಕಾಲು ಭಾಗಕ್ಕಿಂತ, ಅಂದರೆ 112ಕ್ಕಿಂತ, ಕಡಿಮೆ ಇರಬಾರದು. ಈ ಐದು ಸಂಖ್ಯೆಯನ್ನು ತಾರೀಖು, ಲ್ಯಾಂಪಿನ ತಾಸು, ಕರೆಂಟಿನ ಜೊತೆ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದೆ ಏನೇ ಬದಲಾಯಿಸಿದರೂ ಮತ್ತೆ ಅಳೆದು ಇದರ ಪಕ್ಕದಲ್ಲೇ ಬರೆಯಿರಿ.

ಸಂಖ್ಯೆ ಕಡಿಮೆ ಬಂತು ಅಂತಲೇ ಇಟ್ಟುಕೊಳ್ಳೋಣ. ಖರ್ಚಿಲ್ಲದ್ದರಿಂದ ಹುಡುಕಲು ಶುರು ಮಾಡಿ. ನಿಮ್ಮಲ್ಲಿ ಸಿಲ್ವರ್ ಸ್ಕ್ರೀನ್ ಇದೆ ಅಂದರೆ ಒಂದು ಕಾಲಕ್ಕೆ 3ಡಿ ಉಪಕರಣವೂ ಇತ್ತು. ಲೆನ್ಸಿನ ಮುಂದೆ, ಎರಡು ಕಣ್ಣಿನ ಚಿತ್ರ ಬೇರ್ಪಡಿಸುವ ಆ ಪೋಲರೈಸರ್ ಫಿಲ್ಟರ್ ಇನ್ನೂ ನಿಂತಿದೆಯೇ ನೋಡಿ. 3ಡಿ ಚಿತ್ರ ಮುಗಿದಮೇಲೆ ಅದನ್ನು ಪಕ್ಕಕ್ಕೆ ಸರಿಸದೆ 2ಡಿ ಓಡಿಸುವುದು ಬಹಳ ಕಡೆ ಕಾಣುವ ತಪ್ಪು. ಅದೊಂದೇ ಅರ್ಧಕ್ಕಿಂತ ಹೆಚ್ಚು ಬೆಳಕು ತಿನ್ನುತ್ತದೆ.

ಆಮೇಲೆ ಕ್ಯಾಬಿನ್ ಕಿಟಕಿಯ ಗಾಜು. ಕಿಟಕಿಗೆ ಹಾಕುವ ಮಾಮೂಲಿ ಗಾಜಾದರೆ ಎರಡು ಮುಖದಲ್ಲೂ ತಲಾ 4 ಪರ್ಸೆಂಟ್ ಪ್ರತಿಫಲಿಸಿ, ಶುಭ್ರವಾಗಿದ್ದಾಗಲೇ 8–10 ಪರ್ಸೆಂಟ್ ಹೋಯಿತು. ಅದರ ಹಸಿರು ಛಾಯೆ ಬೇರೆ ನಟರ ಮುಖಕ್ಕೆ ಮೆತ್ತುತ್ತದೆ. ಹಾಲ್ ಕಡೆಯ ಮುಖವನ್ನು ಯಾರೂ ಒರೆಸಿರುವುದಿಲ್ಲ, ಯಾಕೆಂದರೆ ಅಲ್ಲಿಗೆ ಏಣಿ ಬೇಕು. ಗಾಜನ್ನು ಒಂದು ನಿಮಿಷ ತೆಗೆದು ಪರದೆ ಹತ್ತಿರ ಲಕ್ಸ್ ನೋಡಿ, ಮತ್ತೆ ಹಾಕಿ ನೋಡಿ. ವ್ಯತ್ಯಾಸ 5 ಪರ್ಸೆಂಟ್ ದಾಟಿದರೆ ಪ್ರತಿಫಲನ ತಡೆಯುವ ಲೇಪನದ ಆಪ್ಟಿಕಲ್ ಗಾಜು ಹಾಕಿಸಿ, ಚಿತ್ರದ ನೆರಳು ವಾಪಸ್ ಬೀಳದಂತೆ ನಾಲ್ಕೈದು ಡಿಗ್ರಿ ವಾಲಿಸಿ ಕೂರಿಸಲಿ. ಪರದೆಯ ಬೆಳಕಿಗೆ ಖರ್ಚು ಮಾಡುವ ದುಡ್ಡಿನಲ್ಲಿ ಇದಕ್ಕಿಂತ ಬೇಗ ಫಲ ಕೊಡುವುದು ಇನ್ನೊಂದಿಲ್ಲ.

ಪ್ರೊಜೆಕ್ಟರಿನ ಗಾಳಿ ಫಿಲ್ಟರ್ ವಾರಕ್ಕೊಮ್ಮೆ ಬಿಚ್ಚಿ ಸ್ವಚ್ಛ ಮಾಡಬೇಕು. ಕಬ್ಬಿನ ಸೀಮೆಯಲ್ಲಿ, ಆಲೆಮನೆ ಹೊಗೆ ಬೀಳುವ ಕಡೆ, ಧೂಳು ಒಣಗಿರುವುದಿಲ್ಲ, ಅಂಟಾಗಿರುತ್ತದೆ. ಬ್ಲೋವರ್ ಊದಿದರೆ ಹೋಗುವುದಿಲ್ಲ, ಹೊಸ ಫಿಲ್ಟರೇ ಬೇಕಾಗುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಯಂತ್ರ ಬಿಸಿಯಾಗಿ ನಡು ಶೋನಲ್ಲಿ ಲ್ಯಾಂಪು ಆರುತ್ತದೆ, ಒಳಗಿನ ಕನ್ನಡಿ ಮೇಲೂ ಮಸಿ ಕೂರುತ್ತದೆ. ಎಕ್ಸಾಸ್ಟ್ ಡಕ್ಟಿನ ಹೊರಬಾಯಲ್ಲಿ ಪಾರಿವಾಳ ಗೂಡು ಕಟ್ಟಿದೆಯೇ ಅಂತಲೂ ನೋಡಿ, ನಗಬೇಡಿ.

ಇನ್ನು ಲ್ಯಾಂಪು. ಝೆನಾನ್ ಲ್ಯಾಂಪು ಬಲ್ಬಿನ ಹಾಗೆ ಒಂದು ದಿನ ಸುಟ್ಟುಹೋಗುವುದಲ್ಲ, ದಿನ ದಿನ ಸ್ವಲ್ಪ ಸ್ವಲ್ಪ ಮಂಕಾಗುವುದು. 3 ಕಿಲೋವ್ಯಾಟಿನದಕ್ಕೆ ತಯಾರಕರು ಕೊಡುವ ಗ್ಯಾರಂಟಿ ಸಾಮಾನ್ಯವಾಗಿ 1000ದಿಂದ 1500 ತಾಸು. ದಿನಕ್ಕೆ 12 ತಾಸು ಓಡಿಸಿದರೆ 1000 ತಾಸು ಮೂರು ತಿಂಗಳೊಳಗೆ ಮುಗಿಯುತ್ತದೆ. ಅಷ್ಟರಲ್ಲಿ ಹೊಸದರ ಬೆಳಕಿನ ಕಾಲು ಭಾಗದಿಂದ ಮೂರನೇ ಒಂದು ಭಾಗ ಹೋಗಿರುತ್ತದೆ. ಸರಿಯಾದ ಕ್ರಮ ಅಂದರೆ, ಹೊಸ ಲ್ಯಾಂಪನ್ನು 75–80 ಪರ್ಸೆಂಟ್ ಕರೆಂಟಿನಲ್ಲಿ ಶುರು ಮಾಡಿ, ಪ್ರತಿ ವಾರ ಲಕ್ಸ್ ಅಳೆದು, 150 ಉಳಿಯುವಷ್ಟು ಮಾತ್ರ ಏರಿಸುತ್ತ ಹೋಗುವುದು. ಬಹಳ ಕಡೆ ನಡೆಯುವುದು ತಲೆಕೆಳಗು: ಹೊಸದಿದ್ದಾಗ ಪೂರ್ತಿ, ಹಳತಾದಮೇಲೆ "ಪಾಪ, ಬಾಳಲಿ" ಅಂತ ಇಳಿಸುವುದು. ಲ್ಯಾಂಪಿಗೆ ಹೇಳಿರುವ ಕನಿಷ್ಠ ಕರೆಂಟಿಗಿಂತ ಕೆಳಗೆ ಹೋದರೆ ಒಳಗಿನ ಜ್ವಾಲೆ ಅಲುಗಾಡಿ ಚಿತ್ರ ಮಿಣುಕುತ್ತದೆ, ಎಲೆಕ್ಟ್ರೋಡ್ ಸವೆದು ಆಯಸ್ಸು ಇನ್ನೂ ಕಡಿಮೆಯಾಗುತ್ತದೆ. ಉಳಿಸಲು ಹೋಗಿ ಕಳೆದುಕೊಳ್ಳುವುದು ಹೀಗೆ.

ಗ್ಯಾರಂಟಿ ತಾಸು ಬಹಳ ಮೀರಿ ಓಡಿಸುವುದು ಮಾತ್ರ ಖಂಡಿತ ಬೇಡ. ತಣ್ಣಗಿದ್ದಾಗಲೇ ಒಳಗೆ ಎಂಟು ಹತ್ತು ವಾಯುಭಾರದ ಒತ್ತಡ ಇರುತ್ತದೆ, ಉರಿಯುವಾಗ ಅದರ ಮೂರು ಪಟ್ಟು. ಸಿಡಿದರೆ ಅದರ ಬೆಳಕನ್ನು ಒಟ್ಟುಮಾಡುವ ರಿಫ್ಲೆಕ್ಟರ್ ಕನ್ನಡಿ ಪುಡಿ, ಆ ಖರ್ಚು ಹಲವು ಲ್ಯಾಂಪಿನದು. ಬದಲಿಸುವಾಗ ಮುಖಕ್ಕೆ ಶೀಲ್ಡು, ಕೈಗೆ ದಪ್ಪ ಗ್ಲೌಸು, ಮೈಗೆ ಜಾಕೆಟ್ಟು ಕಡ್ಡಾಯ. "ಹತ್ತು ವರ್ಷದಿಂದ ಬರಿಗೈಲಿ ಹಾಕ್ತಿದ್ದೀನಿ" ಅನ್ನುವ ಆಪರೇಟರನ್ನು ನಂಬಬೇಡಿ. ಗಾಜಿಗೆ ಬೆರಳು ತಾಗಿದರೆ ಆ ಜಿಡ್ಡಿನ ಜಾಗ ಬಿಸಿಗೆ ಬಿರುಕು ಬಿಡುತ್ತದೆ, ತಾಗಿದ್ದರೆ ಹತ್ತಿಸುವ ಮುಂಚೆ ಶುದ್ಧ ಆಲ್ಕೋಹಾಲಿನಲ್ಲಿ ಒರೆಸಲಿ. ಆರಿಸಿದ ಮೇಲೆ ಫ್ಯಾನು ಕನಿಷ್ಠ 10–15 ನಿಮಿಷ ಓಡಲೇಬೇಕು. ಕರೆಂಟ್ ಹೋದಾಗ ಜನರೇಟರ್ ಹತ್ತುವವರೆಗೆ ಫ್ಯಾನು ಮತ್ತು ಸಿನಿಮಾ ಫೈಲು ಓಡಿಸುವ ಸರ್ವರನ್ನು ಹಿಡಿದಿಡುವ ಯುಪಿಎಸ್ ಇಲ್ಲದಿದ್ದರೆ 6 ಲಕ್ಷದಲ್ಲಿ ಮೊದಲ ಪಾಲು ಅದಕ್ಕೆ.

ಲ್ಯಾಂಪು ಬದಲಿಸಿದ ಪ್ರತಿ ಸಲವೂ ಅದನ್ನು ಹಿಂದೆ ಮುಂದೆ, ಮೇಲೆ ಕೆಳಗೆ, ಆಚೆ ಈಚೆ ಸರಿಸಿ ರಿಫ್ಲೆಕ್ಟರಿನ ಕೇಂದ್ರಕ್ಕೆ ಕೂರಿಸಬೇಕು. ಲಕ್ಸ್ ಮೀಟರ್ ನೋಡುತ್ತ ಒಬ್ಬರು ಪರದೆ ಹತ್ತಿರ, ಒಬ್ಬರು ಕ್ಯಾಬಿನ್ನಿನಲ್ಲಿ ಫೋನ್ ಹಿಡಿದು ಮಾಡುವ ಕೆಲಸ. ಹೊಸ ಲ್ಯಾಂಪು, ಸರಿಯಾದ ಕೂರಿಕೆ, ಪೂರ್ತಿ ಕರೆಂಟ್, ಆದರೂ 150 ಬರಲಿಲ್ಲ ಅಂದರೆ ರಿಫ್ಲೆಕ್ಟರಿನ ಲೇಪನ ಹೋಗಿದೆ ಅಂತ ಅನುಮಾನಿಸಬೇಕು. ಸೆಕೆಂಡ್ ಹ್ಯಾಂಡ್ ಯಂತ್ರದಲ್ಲಿ ಇದು ಅಪರೂಪವಲ್ಲ. ಬದಲಿಸಬಹುದು, ಪ್ರೊಜೆಕ್ಟರನ್ನೇ ಬದಲಿಸಬೇಕಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಎದ್ದು ಕಂಡ ಸಾಲು "ಪಕ್ಕದ ಸೀಟಿನವರ ಗಲಾಟೆ ಜಾಸ್ತಿ" ಅನ್ನುವುದು. ಇದು ಲ್ಯಾಂಪಿನ ದೋಷ ಅಲ್ಲವೇ ಅಲ್ಲ. ಸಿಲ್ವರ್ ಸ್ಕ್ರೀನು ಬೆಳಕನ್ನು ಎಲ್ಲ ಕಡೆ ಸಮವಾಗಿ ಚೆಲ್ಲುವುದಿಲ್ಲ, ನಡುಸಾಲಿನ ಕಡೆಗೆ ಒಟ್ಟುಮಾಡಿ ಕಳಿಸುತ್ತದೆ. ನಡುವೆ ಕೂತವರಿಗೆ ಬಿಳಿ ಪರದೆಗಿಂತ ಎರಡು ಪಟ್ಟು ಹತ್ತಿರ ಬೆಳಕು, ಬದಿಯವರಿಗೆ, ಗಾಂಧಿಕ್ಲಾಸಿನ ಮೂಲೆಯವರಿಗೆ, ಅದರ ಅರ್ಧವೂ ಇಲ್ಲ. 3ಡಿ ಕನ್ನಡಕಕ್ಕೆ ಆ ಲೋಹದ ಲೇಪನ ಬೇಕೇ ಬೇಕಿತ್ತು. ನೀವೀಗ ವರ್ಷಕ್ಕೆ ಎಷ್ಟು 3ಡಿ ಹಾಕುತ್ತೀರಿ? ಒಂದೋ ಎರಡೋ ಆದರೆ, ಅದಕ್ಕಾಗಿ ವರ್ಷವಿಡೀ ಅರ್ಧ ಹಾಲಿಗೆ ಕತ್ತಲು ತೋರಿಸುವುದು ಲಾಭದ ಮಾತಲ್ಲ. ಬಿಳಿ ಮ್ಯಾಟ್ ಪರದೆಗೆ ಬದಲಿಸಿ, ಗೇನ್ (ನಡುವಿಗೆ ಬೆಳಕು ಒಟ್ಟುಮಾಡುವ ಮಟ್ಟ) 1.0, ಸೌಂಡ್ ದಾಟಲು ಸಣ್ಣ ತೂತುಗಳಿರುವುದು.

ಇದರಲ್ಲಿ ಒಂದು ಅಪಾಯ ಇದೆ, ಡೀಲರುಗಳು ಹೇಳುವುದಿಲ್ಲ. ಪ್ರೊಜೆಕ್ಟರ್ ಕಡೆ ಸರಿಮಾಡದೆ ಪರದೆ ಬದಲಿಸಿದರೆ ಬದಿಯವರಿಗೆ ಸ್ವಲ್ಪ ಅನುಕೂಲವಾಗಿ, ಇದುವರೆಗೆ ಸುಮ್ಮನಿದ್ದ ನಡುವಿನವರೂ ಕೂಗಲು ಶುರು ಮಾಡುತ್ತಾರೆ, ಯಾಕೆಂದರೆ ಅವರಿಗೆ ಸಿಗುತ್ತಿದ್ದ ಹೆಚ್ಚುವರಿ ಬೆಳಕು ಹೋಯಿತು. ಮೊದಲು 150 ಲಕ್ಸ್, ಆಮೇಲೆ ಪರದೆ. ಹೊಸ ಪರದೆಯನ್ನು ನೀರು, ಸೋಪು ಹಾಕಿ ತೊಳೆಯಬೇಡಿ, ಮೆತ್ತನೆ ಬ್ರಶ್ಶಿನಲ್ಲಿ ಧೂಳು ಕೊಡವಿದರೆ ಸಾಕು. ಸ್ಟಾರ್ ಸಿನಿಮಾದ ಮೊದಲ ದಿನ ಪರದೆ ಮುಂದಿನ ವೇದಿಕೆಗೆ ಹತ್ತಿ ಕುಣಿಯುವುದು, ಕಾಗದದ ಚೂರು, ಕರ್ಪೂರ, ಹಾಲು ಇವೆಲ್ಲ ನಮ್ಮ ಕಡೆ ಇದ್ದದ್ದೇ. ಕಟೌಟಿಗೆ ಹೊರಗಡೆ ಏನು ಬೇಕಾದರೂ ಮಾಡಲಿ. ಒಳಗೆ ಪರದೆಯಿಂದ 6 ಅಡಿ ಬಿಟ್ಟು ಕಬ್ಬಿಣದ ತಡೆ ನಿಲ್ಲಿಸಿ, ಬೆಂಕಿಯನ್ನಂತೂ ಬಾಗಿಲಲ್ಲೇ ತಡೆಯಿರಿ.

ಇನ್ನೊಂದು ಸುಲಭದ ಪರೀಕ್ಷೆ. ಮ್ಯಾಟ್ನಿ ಮಂಕು, ಸೆಕೆಂಡ್ ಶೋ ಪರವಾಗಿಲ್ಲ ಅನ್ನಿಸಿದರೆ ತಪ್ಪು ಬಾಗಿಲಿನದು. ಶೀಟಿನ ಸಂದು, ಎಕ್ಸಾಸ್ಟ್ ಫ್ಯಾನಿನ ತೂತು, ಪರದೆ (ಬಾಗಿಲಿನ ಪರದೆ) ಇಲ್ಲದ ಬಾಗಿಲು, ಇವುಗಳಿಂದ ಬರುವ ಬಿಸಿಲು ಕತ್ತಲ ಸೀನಿನ ಕಪ್ಪನ್ನು ಬೂದು ಬಣ್ಣ ಮಾಡುತ್ತದೆ. ಪರದೆ ಸುತ್ತ 10–12 ಅಡಿ ಗೋಡೆ, ಸೀಲಿಂಗು ಬಿಳಿ ಅಥವಾ ತಿಳಿ ಬಣ್ಣದಲ್ಲಿದ್ದರೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಸಿ. ಎಮರ್ಜೆನ್ಸಿ ದೀಪಗಳನ್ನು ಮಾತ್ರ ಆರಿಸಬೇಡಿ, ಅವು ಪರದೆ ಕಡೆ ಮುಖ ಮಾಡದಂತೆ ತಿರುಗಿಸಿ.

ಈಗ ಮಾತಿನ ವಿಷಯ. 5.1ರಲ್ಲಿ (ಪರದೆ ಹಿಂದೆ ಮೂರು ಚಾನೆಲ್, ಸುತ್ತ ಎರಡು ಸರೌಂಡ್, ಗುಡುಗಿನಂಥ ಸದ್ದಿಗೆ ಇನ್ನೊಂದು) ಡೈಲಾಗು ಬಹುಪಾಲು ಬರುವುದು ಒಂದೇ ಕಡೆಯಿಂದ: ಪರದೆ ಹಿಂದಿನ ನಡುವಿನ ಸ್ಪೀಕರಿಂದ. ಆ ಸ್ಪೀಕರಿನಲ್ಲಿ ಕೆಳಗೆ ದೊಡ್ಡ ವೂಫರ್, ಮೇಲೆ ಹಾರ್ನ್. ಸ, ಶ, ಚ, ತ, ಕ ಅನ್ನುವ ಅಕ್ಷರಗಳ ಅಂಚು ಹಾರ್ನಿನಿಂದ ಬರುತ್ತದೆ. ಹಾರ್ನಿನ ಡ್ರೈವರ್ ಸತ್ತರೆ ದನಿ ಕೇಳುತ್ತದೆ, ಪದ ತಿಳಿಯುವುದಿಲ್ಲ. ನೀವು ಬರೆದಿರುವುದು ಇದನ್ನೇ. ಎಡ ಬಲದ ಸ್ಪೀಕರು, ಸರೌಂಡು ಎಲ್ಲ ಸರಿಯಾಗಿರುವುದರಿಂದ ಹಾಡು ಫೈಟು ಜೋರಾಗೇ ಇರುತ್ತವೆ, ಹಾಗಾಗಿ ಸೌಂಡ್ ಸಿಸ್ಟಮ್ಮಿಗೆ ಏನೂ ಆಗಿಲ್ಲ ಅಂತ ಆಪರೇಟರ್ ಅಂದುಕೊಳ್ಳುತ್ತಾನೆ.

ಪರೀಕ್ಷೆ ಹೀಗೆ. ಸೌಂಡ್ ಪ್ರೊಸೆಸರಿನಿಂದ ಪಿಂಕ್ ನಾಯ್ಸ್ (ಪರೀಕ್ಷೆಗೆಂದೇ ಇರುವ ಸದ್ದು) ಬಿಡಿ, ನಡುವಿನ ಚಾನೆಲ್ ಒಂದಕ್ಕೇ. ಪರದೆ ಹಿಂದೆ ಹೋಗಿ ಹಾರ್ನಿನ ಬಾಯಿ ಹತ್ತಿರ ಕೇಳಿ: ಮಳೆ ಸುರಿದ ಹಾಗೆ ಸರ್ ಅನ್ನುವ ಸದ್ದು ಬರಬೇಕು. ಬರೀ ಗುಂ ಅನ್ನುತ್ತಿದ್ದರೆ ಆಂಪ್ಲಿಫೈಯರ್ ಆರಿಸಿ, ಡ್ರೈವರಿನ ಎರಡೂ ವೈರ್ ಬಿಚ್ಚಿ, ಮಲ್ಟಿಮೀಟರಿನಲ್ಲಿ ಓಮ್ ನೋಡಿ. 8 ಓಮಿನ ಡ್ರೈವರಿಗೆ 5.5ರಿಂದ 7ರೊಳಗೆ ಏನಾದರೂ ತೋರಿಸಬೇಕು. ಏನೂ ತೋರಿಸದಿದ್ದರೆ ಡಯಾಫ್ರಮ್ (ಡ್ರೈವರಿನೊಳಗೆ ಕಂಪಿಸುವ ತೆಳು ಹಾಳೆ, ಸುರುಳಿ) ಸುಟ್ಟಿದೆ. ಬರೀ ಡಯಾಫ್ರಮ್ ಬದಲಿಸಿದರೆ ಸಾಕು, ಮೂಲ ಕಂಪನಿಯದೇ ಹಾಕಿಸಿ, ಅಗ್ಗದ ನಕಲಿ ಮೊದಲ ಹಬ್ಬಕ್ಕೇ ಹೋಗುತ್ತದೆ. ಓಮ್ ಸರಿ ಇದ್ದೂ ಸದ್ದಿಲ್ಲ ಅಂದರೆ ಹಾರ್ನಿನ ಆಂಪ್ಲಿಫೈಯರ್ ಟ್ರಿಪ್ ಆಗಿರಬಹುದು, ಅಥವಾ ವೈರು ಇಲಿ ಕಡಿದಿರಬಹುದು. ಪರದೆ ಹಿಂದೆ ಪಾಪ್‌ಕಾರ್ನ್ ಮೂಟೆ ಇಡುವ ಟಾಕೀಸುಗಳಲ್ಲಿ ಎರಡನೆಯದೇ ಹೆಚ್ಚು.

ಡಯಾಫ್ರಮ್ ಸುಡುವುದು ಯಾವಾಗ? ಹೆಚ್ಚಾಗಿ ದೊಡ್ಡ ಹೀರೋ ಸಿನಿಮಾದ ಮೊದಲ ದಿನ. ವಿಸಿಲ್, ಕೂಗಾಟದಲ್ಲಿ ಏನೂ ಕೇಳುವುದಿಲ್ಲ, ಮಾಲೀಕರೋ ಅಭಿಮಾನಿ ಸಂಘದವರೋ "ಸೌಂಡ್ ಕೊಡ್ಲಾ" ಅಂತಾರೆ, ಫೇಡರ್ (ಸೌಂಡ್ ಏರಿಸಿ ಇಳಿಸುವ ಗುಂಡಿ) 9ಕ್ಕೆ ಹೋಗುತ್ತದೆ, ಆಂಪ್ಲಿಫೈಯರ್ ಮಿತಿ ಮೀರಿ ಅಲೆಯ ತಲೆ ಕತ್ತರಿಸುತ್ತದೆ, ಆ ಬಿಸಿಗೆ ಹಾರ್ನಿನ ತೆಳು ಸುರುಳಿ ಹೋಗುತ್ತದೆ. ಗಲಾಟೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಸೋಮವಾರ ಸಂಸಾರ ಸಮೇತ ಬಂದವರಿಗೆ ಮಾತು ತಿಳಿಯುವುದಿಲ್ಲ. ಪ್ರೊಸೆಸರಿನಲ್ಲೋ ಆಂಪ್ಲಿಫೈಯರಿನಲ್ಲೋ ಸೌಂಡು ಮಿತಿ ಮೀರದಂತೆ ತಡೆಯುವ ಲಿಮಿಟರ್ ಹಾಕಿಸಿ ಬೀಗ ಹಾಕಿಡಿ.

ಫೇಡರಿನ ಲೆಕ್ಕ ಇನ್ನೊಂದಿದೆ. ಸಿನಿಮಾದ ಸೌಂಡ್ ಮಿಕ್ಸ್ ಮಾಡುವುದು ಟಾಕೀಸಿನ ಫೇಡರ್ 7ರಲ್ಲಿರುತ್ತದೆ ಅಂತ ಇಟ್ಟುಕೊಂಡು. ಆ ಜಾಗದಲ್ಲಿ ಪಿಂಕ್ ನಾಯ್ಸ್ ಬಿಟ್ಟರೆ ಹಾಲಿನ ಮೂರನೇ ಎರಡು ಭಾಗ ಹಿಂದೆ, ಎಡ, ನಡು, ಬಲ ಒಂದೊಂದೂ 85 ಡೆಸಿಬೆಲ್ ಬರಬೇಕು, ಸೌಂಡ್ ಮೀಟರಿನ ಸೆಟ್ಟಿಂಗು ಸಿ ವೇಟಿಂಗ್, ಸ್ಲೋ. ಸರೌಂಡ್ ಒಂದೊಂದು ಕಡೆ 82. ಫೋನಿನ ಆ್ಯಪ್ ಇಲ್ಲಿ ಅಷ್ಟು ಕೆಡುಕಲ್ಲ, ಒಟ್ಟು ಸಂಖ್ಯೆ ತಪ್ಪಿದರೂ ಮೂರು ಚಾನೆಲ್ಲಿನ ನಡುವಿನ ವ್ಯತ್ಯಾಸ ಸರಿಯಾಗೇ ತೋರಿಸುತ್ತದೆ. ನಡುವಿನದು ಉಳಿದವಕ್ಕಿಂತ 3–4 ಡೆಸಿಬೆಲ್ ಕೆಳಗಿದ್ದರೆ ನಿಮ್ಮ ದೂರಿನ ಮೂಲ ಸಿಕ್ಕಿತು. ಫೈಟು ಜೋರಾಯಿತು ಅಂತ ಫೇಡರನ್ನು 7ರಿಂದ 5ಕ್ಕೆ ಇಳಿಸಿದರೆ ಎಲ್ಲವೂ ಒಟ್ಟಿಗೆ ಸುಮಾರು 6.5 ಡೆಸಿಬೆಲ್ ಇಳಿಯುತ್ತದೆ, ಪಿಸುಮಾತು ಫ್ಯಾನಿನ ಸದ್ದಿನ ಕೆಳಗೆ ಹೋಗುತ್ತದೆ. ಈಚಿನ ಕೆಲವು ಸಿನಿಮಾಗಳ ಮಿಕ್ಸೇ ವಿಪರೀತ ಜೋರು, ಅದು ನಿಮ್ಮ ತಪ್ಪಲ್ಲ. ಅಂಥವಕ್ಕೆ 6 ಅಥವಾ 6.5 ಇಟ್ಟು, ನಡುವಿನ ಚಾನೆಲ್ಲನ್ನು ಒಂದು ಒಂದೂವರೆ ಡೆಸಿಬೆಲ್ ಏರಿಸಿಕೊಳ್ಳಬಹುದು. ಶುದ್ಧಾಚಾರದ ಎಂಜಿನಿಯರುಗಳು ಒಪ್ಪಲಿಕ್ಕಿಲ್ಲ, 560 ಸೀಟಿನ ಹಾಲಿನಲ್ಲಿ ಮಾತು ಕೇಳುವುದು ಮುಖ್ಯ. ಜಾಹೀರಾತಿಗೆ ಬೇರೆ ಫೇಡರ್ ಮಟ್ಟ ಸೇವ್ ಮಾಡಿಡಿ. ಜಾಹೀರಾತಿಗೆ ಇಳಿಸಿದ್ದನ್ನು ಸಿನಿಮಾ ಶುರುವಾದಾಗ ಏರಿಸಲು ಮರೆಯುವುದೇ ಅರ್ಧ ದೂರಿಗೆ ಕಾರಣ.

ಇವೆಲ್ಲ ಸರಿಯಾದಮೇಲೂ ಹಾಲ್ ತುಂಬಿದಾಗ ಮಾತು ಸ್ಪಷ್ಟ, ಖಾಲಿ ಇದ್ದಾಗ ಗೊಜಗೊಜ ಅಂದರೆ ಅದು ಮಾರ್ದನಿ. ಜನರ ಮೈ, ಬಟ್ಟೆ ಸದ್ದು ಹೀರುತ್ತವೆ, ಸಿಮೆಂಟ್ ಗೋಡೆ, ಶೀಟು ಹೀರುವುದಿಲ್ಲ. ಹಿಂದಿನ ಗೋಡೆಯಿಂದ 70 ಅಡಿ ಮುಂದೆ ಕೂತವನಿಗೆ ಮಾತು ಒಮ್ಮೆ ನೇರ ಕೇಳಿ, ಗೋಡೆಗೆ ಬಡಿದು 140 ಅಡಿ ಸುತ್ತಿ 125 ಮಿಲಿಸೆಕೆಂಡ್ ತಡವಾಗಿ ಮತ್ತೆ ಕೇಳುತ್ತದೆ. 50 ಮಿಲಿಸೆಕೆಂಡ್ ದಾಟಿದರೆ ಕಿವಿಗೆ ಅದು ಎರಡನೇ ಮಾತೇ. ಹಾಗಾಗಿ ಕಡಿಮೆ ಟಿಕೆಟ್ಟಿನ ಗಾಂಧಿಕ್ಲಾಸಿಗೇ ಏಟು ಜಾಸ್ತಿ. ಎಲ್ಲ ಗೋಡೆಗೂ ಹೊದಿಸುವ ದುಡ್ಡಿಲ್ಲದಿದ್ದರೆ ಹಿಂದಿನ ಗೋಡೆ, ಆಮೇಲೆ ಬಾಲ್ಕನಿಯ ಮುಂದಿನ ಅಡ್ಡಗೋಡೆ, ಅಲ್ಲಿಗೆ ನಿಲ್ಲಿಸಿ. 50 ಮಿಲಿಮೀಟರ್ ದಪ್ಪದ, ಸದ್ದು ಹೀರುವ ಕಲ್ಲುನಾರಿನ ರಾಕ್‌ವೂಲ್, ಘನಮೀಟರಿಗೆ 48 ಕಿಲೋ ಸಾಂದ್ರತೆಯದು, ಗೋಡೆಯಿಂದ ಎರಡು ಇಂಚು ಬಿಟ್ಟು, ಮೇಲೆ ಬೆಂಕಿ ಹಿಡಿಯದ ಬಟ್ಟೆ.

ಇಲ್ಲಿ ದುಡ್ಡು ಉಳಿಸಬೇಡಿ. ಥರ್ಮೋಕೋಲ್, ಫೋಮ್, ಗೋಣಿಬಟ್ಟೆ ಹಾಕಿಕೊಡುತ್ತೇವೆ ಅನ್ನುವವರು ಬರುತ್ತಾರೆ. ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 1989ರ ಫೆಬ್ರವರಿ 8ರಂದು ಚಿತ್ರೀಕರಣದ ವೇಳೆ ಬೆಂಕಿ ಹೊತ್ತಿ 60ಕ್ಕೂ ಹೆಚ್ಚು ಜನ ಸತ್ತರು. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಟ್ರಾನ್ಸ್‌ಫಾರ್ಮರಿನ ಬೆಂಕಿಯ ಹೊಗೆ ಹಾಲಿಗೆ ತುಂಬಿ 59 ಜನ ಹೋದರು. ಗೋಡೆಗೆ ಏನು ಹಾಕಿಸಿದರೂ ಒಂದು ತುಂಡು ತಗೊಂಡು ಹೊರಗೆ ಬೆಂಕಿಕಡ್ಡಿ ಹಿಡಿದು ನೋಡಿ. ಕರಗಿ ತೊಟ್ಟಿಕ್ಕಿದರೆ, ಹೊತ್ತಿಕೊಂಡರೆ ವಾಪಸ್ ಕಳಿಸಿ.

ಡೀಲರ್ ಹೇಳಿದ ಮೂರು ಮಾತಿಗೆ ಬರುತ್ತೇನೆ. 4ಕೆ: 40 ಅಡಿ ಪರದೆಯಲ್ಲಿ 2ಕೆ ಚಿತ್ರದ (ಅಡ್ಡಕ್ಕೆ ಸುಮಾರು 2,000 ಚುಕ್ಕಿ, 4ಕೆ ಅಂದರೆ ಅದರ ಎರಡರಷ್ಟು) ಒಂದು ಚುಕ್ಕಿ ಕಾಲಿಂಚಿಗಿಂತ ಚಿಕ್ಕದು. ಸರಿಯಾದ ಕಣ್ಣಿನವರಿಗೂ ಸುಮಾರು 65 ಅಡಿ ಆಚೆಯಿಂದ ಅದು ಬೇರೆಯಾಗಿ ಕಾಣುವುದಿಲ್ಲ. ಮುಂದಿನ ಸಾಲಿನವರಿಗೆ ವ್ಯತ್ಯಾಸ ಇದೆ, ಬಾಲ್ಕನಿಯವರಿಗೆ ಇಲ್ಲ. ಅದೂ ಅಲ್ಲದೆ ಬಹಳಷ್ಟು ಸಿನಿಮಾಗಳ ಅಂತಿಮ ಪ್ರತಿ ತಯಾರಾಗುವುದೇ 2ಕೆನಲ್ಲಿ. ಅಟ್ಮಾಸ್: ಸದ್ದನ್ನು ತಲೆ ಮೇಲಿಂದಲೂ ಕೇಳಿಸುವ ಡಾಲ್ಬಿ ವ್ಯವಸ್ಥೆ, 2012ರಲ್ಲಿ ಬಂದದ್ದು, 64 ಸ್ಪೀಕರ್ ದಾರಿಗಳವರೆಗೆ ಹೋಗಬಲ್ಲದು, ಸೀಲಿಂಗಿಗೂ ಸ್ಪೀಕರ್ ಬೇಕು, ನಿಮ್ಮ ಶೀಟಿನ ಚಾವಣಿ ಆ ಭಾರ ತಡೆಯುವಂತೆ ಕಬ್ಬಿಣದ ಕೆಲಸವೂ ಆಗಬೇಕು. ಅಷ್ಟು ಮಾಡಿದರೂ ಡೈಲಾಗು ಬರುವುದು ಅದೇ ನಡುವಿನ ಸ್ಪೀಕರಿಂದ. ನಿಮ್ಮ ಹಾಲಿಗೆ ಈಗ ಬೇಡ ಅಂತ ಸ್ಪಷ್ಟವಾಗಿ ಹೇಳುತ್ತೇನೆ.

ಲೇಸರ್ ಮಾತ್ರ ಯೋಚಿಸಬೇಕಾದ್ದೇ. ಲ್ಯಾಂಪು ಬದಲಿಸುವ ರಗಳೆ ಇಲ್ಲ, ಅಷ್ಟೇ ಬೆಳಕಿಗೆ ವಿದ್ಯುತ್ತು ಅಂದಾಜು ಅರ್ಧ. ಲೇಸರ್ ಫಾಸ್ಫರ್ ಯಂತ್ರಗಳಿಗೆ (ನೀಲಿ ಲೇಸರ್ ಬಿದ್ದು ಫಾಸ್ಫರ್ ಲೇಪನ ಬೆಳಗುವ ಬಗೆ) 20,000 ತಾಸು ಅಂತ ಹೇಳುತ್ತಾರೆ, ದಿನಕ್ಕೆ 12 ತಾಸಾದರೆ ನಾಲ್ಕೂವರೆ ವರ್ಷ. ಕೇಳಬೇಕಾದ ಪ್ರಶ್ನೆ: ಆ 20,000 ತಾಸಿನ ಕೊನೆಗೆ ಉಳಿಯುವುದು ಶೇ 80ರಷ್ಟು ಬೆಳಕೋ, 50ರಷ್ಟೋ? ಬರವಣಿಗೆಯಲ್ಲಿ ತಗೊಳ್ಳಿ. ಲ್ಯಾಂಪು ಹೋದರೆ ಅರ್ಧ ತಾಸಿನಲ್ಲಿ ಬದಲಿಸಿ ಶೋ ನಡೆಸಬಹುದು. ಲೇಸರ್ ಘಟಕ ಕೈಕೊಟ್ಟರೆ ಭಾಗ ಬರುವವರೆಗೆ ಬಾಗಿಲು ಹಾಕಬೇಕು, ಬದಲಿ ಯಂತ್ರ ಎಷ್ಟು ತಾಸಿನಲ್ಲಿ ಕೊಡುತ್ತಾರೆ ಅನ್ನುವುದೂ ಕರಾರಿನಲ್ಲಿರಲಿ. ಆರ್‌ಜಿಬಿ ಲೇಸರನ್ನು (ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆ ಲೇಸರ್ ಇರುವುದು) ನಿಮ್ಮ ಸಿಲ್ವರ್ ಸ್ಕ್ರೀನಿಗೆ ಬಿಟ್ಟರೆ ಬಿಳಿ ಜಾಗದಲ್ಲಿ ಸಣ್ಣ ಮಿನುಗು ಮರಳು ಹರಡಿದಂತೆ ಕಾಣುತ್ತದೆ, ಆಗಲೂ ಪರದೆ ಬದಲಿಸಲೇಬೇಕು. ವರ್ಷಕ್ಕೆ ಎಷ್ಟು ಲ್ಯಾಂಪು ಕೊಳ್ಳುತ್ತೀರಿ, ಅದರ ಬೆಲೆಗೆ ಉಳಿಯುವ ಕರೆಂಟನ್ನು ಕೂಡಿಸಿ, ವರ್ಷದ ಕಂತಿನ ಪಕ್ಕ ಇಟ್ಟು ನೋಡಿ. ನಾಲ್ಕೂ ಶೋ ಓಡುವ ಟಾಕೀಸಿಗೆ ಈ ಲೆಕ್ಕ ಕೂಡಿಬರಬಹುದು. ವಾರದ ದಿನ ಎರಡೇ ಶೋ, ಶೋಗೆ ಮೂವತ್ತು ಜನ ಅಂದರೆ ಕೂಡುವುದಿಲ್ಲ. ನಿಮ್ಮದು ಲೀಸಿನ ಟಾಕೀಸು ಅನ್ನುವುದನ್ನೂ ಮರೆಯಬೇಡಿ: ಸಾಲದ ಕಂತು ಐದು ವರ್ಷ, ಲೀಸು ಉಳಿದಿರುವುದು ಎರಡು ವರ್ಷ ಅಂದರೆ ಆ ಯಂತ್ರ ಯಾರ ಹಾಲಿನಲ್ಲಿ ಓಡುತ್ತದೆ? ಪ್ರೊಜೆಕ್ಟರನ್ನು, ಬಿಳಿ ಪರದೆಯನ್ನು ಬಿಚ್ಚಿಕೊಂಡು ಹೋಗಬಹುದು. ಗೋಡೆಯ ರಾಕ್‌ವೂಲ್, ಚಾವಣಿಯ ಕಬ್ಬಿಣ ಮಾಲೀಕರದಾಗುತ್ತದೆ. ಅವರೊಡನೆ ಮೊದಲೇ ಮಾತಾಡಿ.

ಹೊಸ ಯಂತ್ರ ಹಾಕಿದಮೇಲೆ ಟಿಕೆಟ್ ಏರಿಸಿ ತೀರಿಸುತ್ತೇನೆ ಅನ್ನುವ ಯೋಚನೆ ಇದ್ದರೆ ಜಿಎಸ್‌ಟಿ ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್ಟಿಗೆ ತೆರಿಗೆ 5 ಪರ್ಸೆಂಟ್, ಅದರ ಮೇಲೆ 18. ಟಿಕೆಟ್ 100 ಇದ್ದರೆ ಪ್ರೇಕ್ಷಕ ಕೊಡುವುದು 105. 120ಕ್ಕೆ ಏರಿಸಿದರೆ ಅವನು ಕೊಡಬೇಕಾದ್ದು 141 ರೂಪಾಯಿ 60 ಪೈಸೆ. ಅವನ ಜೇಬಿಂದ 36 ರೂಪಾಯಿ 60 ಪೈಸೆ ಹೆಚ್ಚು ಹೋಯಿತು, ನಿಮಗೂ ವಿತರಕರಿಗೂ ಸೇರಿ ಸಿಕ್ಕಿದ್ದು 20. ತಾಲ್ಲೂಕಿನ ಸಂಸಾರಕ್ಕೆ ನಾಲ್ಕು ಟಿಕೆಟ್ ಅಂದರೆ ಇದು ದೊಡ್ಡ ಏಟು.

6 ಲಕ್ಷವನ್ನು ನಾನಾಗಿದ್ದರೆ ಹಂಚುವ ಕ್ರಮ: ಲಕ್ಸ್ ಮೀಟರ್, ಯುಪಿಎಸ್, ಹಾರ್ನಿನ ಡಯಾಫ್ರಮ್, ಆಪ್ಟಿಕಲ್ ಗಾಜು, ಒಂದು ಹೊಸ ಲ್ಯಾಂಪು ಮತ್ತು ಕ್ಯಾಬಿನ್ನಿನಲ್ಲಿ ಒಂದು ಹೆಚ್ಚುವರಿ, ಬಿಳಿ ಪರದೆ, ಕೊನೆಗೆ ಹಿಂದಿನ ಗೋಡೆ. ಪರದೆಗೂ ಗೋಡೆಗೂ ಮೂರು ಕಡೆ ಕೊಟೇಶನ್ ತಗೊಳ್ಳಿ, ಬೆಲೆಯಲ್ಲಿ ಬಹಳ ಅಂತರ ಇರುತ್ತದೆ. ನಡುವೆ ಎಲ್ಲಾದರೂ ದೂರು ನಿಂತರೆ ಅಲ್ಲೇ ನಿಲ್ಲಿಸಿ, ಉಳಿದ ದುಡ್ಡು ಶೌಚಾಲಯಕ್ಕೆ ಹಾಕಿ. ಮೈಸೂರಿನ ಮಾಲ್‌ಗೆ ಹೋಗುವ ಸಂಸಾರಗಳನ್ನು ಕೇಳಿ ನೋಡಿ, ಲೇಸರಿಗಿಂತ ಮುಂಚೆ ಅದರ ಹೆಸರೇ ಹೇಳುತ್ತಾರೆ.

ಯಾವತ್ತಾದರೂ ಸರ್ವರ್ ಅಥವಾ ಪ್ರೊಜೆಕ್ಟರ್ ಬದಲಿಸಿದರೆ ಆ ಕೆಲಸ ಸೋಮವಾರ ಮಂಗಳವಾರ ಇಟ್ಟುಕೊಳ್ಳಿ. ಸಿನಿಮಾ ಫೈಲಿನ ಬೀಗ ತೆರೆಯುವ ಡಿಜಿಟಲ್ ಕೀ ಆಯಾ ಸರ್ವರಿನ ಪ್ರಮಾಣಪತ್ರಕ್ಕೆ (ಅದರ ಡಿಜಿಟಲ್ ಗುರುತಿಗೆ) ಮಾತ್ರ ತೆರೆಯುತ್ತದೆ. ಹೊಸದರ ಪ್ರಮಾಣಪತ್ರ ವಾರ ಮುಂಚೆಯೇ ಸರ್ವಿಸ್ ಕಂಪನಿಗೂ ವಿತರಕರಿಗೂ ತಲುಪಿರದಿದ್ದರೆ, ಶುಕ್ರವಾರ ಮಾರ್ನಿಂಗ್ ಶೋಗೆ ಜನ ತುಂಬಿರುತ್ತಾರೆ, ಫೈಲೂ ಬಂದಿರುತ್ತದೆ, ಸಿನಿಮಾ ಮಾತ್ರ ತೆರೆಯುವುದಿಲ್ಲ.